ಪಿಕಪ್ ಟ್ರಕ್ಕಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್: ಬದಲಿಸುವುದು ಸುಲಭ, ಮಟ್ಟ ಹಿಡಿಯುವುದೇ ಕೆಲಸ

ಎಂಜಿನ್ ಆಯಿಲ್ ಬದಲಿಸಿ ಕೈ ಪಳಗಿದವರೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್ ಅಂದರೆ ಹಿಂದೇಟು ಹಾಕುತ್ತಾರೆ. ಅದಕ್ಕೆ ಕಾರಣ ಇದೆ. ಎಂಜಿನ್ನಿಗೆ ಡಿಪ್‌ಸ್ಟಿಕ್ ಇರುತ್ತದೆ. ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದರೆ ಆಯಿಲ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಈಗಿನ ಬಹಳಷ್ಟು ಪಿಕಪ್ ಟ್ರಕ್‌ಗಳ ಗೇರ್‌ಬಾಕ್ಸಿಗೆ ಆ ಕಡ್ಡಿಯೇ ಇಲ್ಲ. ಇದರ ಮೇಲೆ, 'ಇದು ಜೀವಮಾನದ ಆಯಿಲ್, ಮುಟ್ಟಲೇಬೇಡಿ' ಅನ್ನುವ ಮಾತು ಬೇರೆ.

ಹಳೆ ಆಯಿಲ್ ಇಳಿಸುವುದು ಒಂದು ಪ್ಲಗ್ ಬಿಚ್ಚುವ ಕೆಲಸ. ಹೊಸದನ್ನು ತುಂಬುವುದು ಒಂದು ಪೈಪು, ಒಂದು ಕೈಪಂಪಿನ ಕೆಲಸ. ಇವೆರಡರಲ್ಲಿ ಹೆದರುವಂಥದ್ದು ಏನೂ ಇಲ್ಲ. ಬುದ್ಧಿ ಬೇಕಾಗುವುದು ಕೊನೆಯ ಹತ್ತು ನಿಮಿಷಕ್ಕೆ. ಸರಿಯಾದ ಬಿಸಿಯಲ್ಲಿ, ಎಂಜಿನ್ ಓಡುತ್ತಿರುವಾಗ, ಆಯಿಲ್ ಸರಿಯಾದ ಮಟ್ಟಕ್ಕೆ ಬಂದು ನಿಲ್ಲಬೇಕು. ಅದೊಂದು ಯಾಕೆ ಅಂತ ಅರ್ಥವಾದರೆ ಉಳಿದದ್ದೆಲ್ಲ ಸ್ಪ್ಯಾನರ್ ತಿರುಗಿಸುವುದಷ್ಟೇ.

ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದೇ ಗಾಡಿಯನ್ನು ಹಿಡಿದುಕೊಳ್ಳೋಣ. 2005ರಿಂದ 2015ರವರೆಗೆ ಅಮೆರಿಕದಲ್ಲಿ ಮಾರಾಟವಾದ ಎರಡನೇ ತಲೆಮಾರಿನ ಟೊಯೋಟಾ ಟಕೋಮಾ, 4 ಲೀಟರ್ ವಿ6 ಎಂಜಿನ್ನಿನದು. ಅದರಲ್ಲಿರುವುದು ಎ750 ಅನ್ನುವ 5 ಸ್ಪೀಡ್ ಗೇರ್‌ಬಾಕ್ಸ್. ಎರಡು ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗೆ ಎ750ಇ, ನಾಲ್ಕು ಚಕ್ರದ್ದಕ್ಕೆ ಎ750ಎಫ್. ಅದೇ ಟಕೋಮಾದ 2.7 ಲೀಟರ್, ನಾಲ್ಕು ಸಿಲಿಂಡರ್ ಗಾಡಿಗೆ ಬೇರೆಯದೇ 4 ಸ್ಪೀಡ್ ಗೇರ್‌ಬಾಕ್ಸ್ ಇದೆ. ಅದಕ್ಕೆ ಕೆಳಗಿನ ಅಂಕಿಗಳನ್ನು ಹಚ್ಚಬೇಡಿ.

ನಮ್ಮೂರ ಕಡೆ ಪಿಕಪ್ ಅಂದರೆ ಎಪಿಎಂಸಿಗೆ ಟೊಮೇಟೊ ಕ್ರೇಟು ಹೊರುವ ಬೊಲೆರೊ. ಮ್ಯಾನ್ಯುವಲ್ ಗೇರು, ಕೆಲಸಕ್ಕೆ ಇರುವ ಗಾಡಿ. ಅಮೆರಿಕದಲ್ಲಿ ಪಿಕಪ್ಪೇ ಮನೆಯ ಗಾಡಿ, ಹೆಚ್ಚಿನವು ಆಟೊಮ್ಯಾಟಿಕ್. ಮನೆ ಮುಂದೆ ಸಮತಟ್ಟಾದ ಸಿಮೆಂಟ್ ಜಾಗ ಇರುತ್ತದೆ, ಗಾಡಿಯೂ ಎತ್ತರ. ಹಾಗಾಗಿ ಮನೆಯಲ್ಲಿ ಮಾಡುವ ಕೆಲಸಗಳ ಪಟ್ಟಿಗೆ ಇದು ಸುಲಭವಾಗಿ ಸೇರಿಕೊಂಡಿದೆ.

ಒಳಗೆ ಈ ಆಯಿಲ್ ಏನು ಮಾಡುತ್ತದೆ

ಎಂಜಿನ್ ಆಯಿಲ್‌ಗೆ ಮುಖ್ಯವಾಗಿ ಜಾರಿಸುವ ಕೆಲಸ. ಗೇರ್‌ಬಾಕ್ಸಿನ ಆಯಿಲ್, ಅಂದರೆ ಎಟಿಎಫ್, ಒಂದೇ ಹೊತ್ತಿಗೆ ಜಾರಿಸಲೂ ಬೇಕು, ಹಿಡಿಯಲೂ ಬೇಕು. ವಿಚಿತ್ರ ಅಲ್ವಾ?

ಎಂಜಿನ್ನಿಗೂ ಗೇರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಅನ್ನುವ ದುಂಡಗಿನ ಡಬ್ಬಿ ಇದೆ. ಅದರೊಳಗೆ ಎಂಜಿನ್ ಕಡೆಯ ರೆಕ್ಕೆಗಳು ಆಯಿಲನ್ನು ಜೋರಾಗಿ ಎಸೆಯುತ್ತವೆ. ಆ ಹೊಡೆತಕ್ಕೆ ಗೇರ್ ಕಡೆಯ ರೆಕ್ಕೆಗಳು ತಿರುಗುತ್ತವೆ. ಎರಡರ ನಡುವೆ ಬಿಗಿಯಾದ ಜೋಡಣೆ ಇಲ್ಲ. ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತರೂ ಎಂಜಿನ್ ಆಫ್ ಆಗದಿರುವುದು ಇದರಿಂದಲೇ. ಒಂದು ವೇಗ ದಾಟಿದ ಮೇಲೆ ಒಳಗಿನ ಲಾಕಪ್ ಕ್ಲಚ್ ಎರಡನ್ನೂ ನೇರವಾಗಿ ಕಟ್ಟಿಹಾಕುತ್ತದೆ.

ಇದು ಮೊದಲ ಕೆಲಸ. ಎರಡನೆಯದು ಒತ್ತಡ. ಪಂಪು ಆಯಿಲನ್ನು ಒತ್ತಿ ವಾಲ್ವ್ ಬಾಡಿಗೆ ಕಳಿಸುತ್ತದೆ. ಅಲ್ಲಿ ಬೆರಳಿನಷ್ಟು ಅಗಲವೂ ಇಲ್ಲದ ದಾರಿಗಳ ಜಾಲ ಇದೆ. ಕಂಪ್ಯೂಟರ್ ಹೇಳಿದಂತೆ ಸೊಲೆನಾಯ್ಡ್ ಅನ್ನುವ ಕರೆಂಟಿನ ವಾಲ್ವ್‌ಗಳು ಈ ದಾರಿ ತೆರೆದು ಆ ದಾರಿ ಮುಚ್ಚುತ್ತವೆ. ಒತ್ತಡ ಯಾವ ಕ್ಲಚ್ಚಿಗೆ ಹೋಯಿತೋ ಅದರ ಬಿಲ್ಲೆಗಳು ಒಂದಕ್ಕೊಂದು ಅಮುಕಿಕೊಳ್ಳುತ್ತವೆ, ಗೇರು ಬೀಳುತ್ತದೆ. ಆ ಬಿಲ್ಲೆಗಳು ಆಯಿಲ್‌ನಲ್ಲೇ ಮುಳುಗಿವೆ. ಆಯಿಲ್ ತೀರಾ ಜಾರಿಸಿದರೆ ಗೇರು ಸ್ಲಿಪ್ ಆಗುತ್ತದೆ. ತೀರಾ ಹಿಡಿದರೆ ಪ್ರತಿ ಸಲ ಗೇರು ಬಿದ್ದಾಗ ಗಾಡಿ ಜರ್ಕ್ ಹೊಡೆಯುತ್ತದೆ. ಎಷ್ಟು ಹಿಡಿಯಬೇಕು ಅನ್ನುವುದನ್ನು ಆಯಿಲ್‌ನಲ್ಲಿ ಬೆರೆಸಿದ ರಾಸಾಯನಿಕಗಳು ನಿರ್ಧರಿಸುತ್ತವೆ.

ಬೇರಿಂಗು, ಗೇರುಗಳಿಗೆ ಜಾರಿಕೆ ಕೊಡುವುದು, ಹುಟ್ಟಿದ ಬಿಸಿಯನ್ನು ಹೊತ್ತು ರೇಡಿಯೇಟರ್ ಹತ್ತಿರದ ಕೂಲರ್‌ಗೆ ಒಯ್ಯುವುದು ಉಳಿದ ಕೆಲಸಗಳು. ಟ್ರಕ್ಕಿಗೆ ಈ ಕೊನೆಯದೇ ದೊಡ್ಡದು. ಹಿಂದೆ ಟ್ರೈಲರ್ ಕಟ್ಟಿ ಘಟ್ಟ ಹತ್ತಿದರೆ ಟಾರ್ಕ್ ಕನ್ವರ್ಟರ್‌ನಲ್ಲಿ ಆಯಿಲ್ ಕಡೆದು ಕಡೆದು ಬಿಸಿ ಏರುತ್ತದೆ. ಆಯಿಲ್ ಹಾಳಾಗುವುದಕ್ಕೆ ಕಿಲೋಮೀಟರ್‌ಗಿಂತ ಈ ಬಿಸಿಯೇ ಜಾಸ್ತಿ ಕಾರಣ.

ಜೀವಮಾನ ಅಂದರೆ ಯಾರ ಜೀವಮಾನ

ಟೊಯೋಟಾದ ಅಮೆರಿಕದ ಸರ್ವಿಸ್ ಪುಸ್ತಕದಲ್ಲಿ ಸಾಮಾನ್ಯ ಓಡಾಟದ ಟಕೋಮಾಗೆ ಈ ಆಯಿಲ್ ಬದಲಿಸುವ ಗಡುವನ್ನು ಕೊಟ್ಟಿಲ್ಲ. ಆದರೆ ಅದೇ ಪುಸ್ತಕ, ಟ್ರೈಲರ್ ಎಳೆಯುವವರು, ಭಾರ ಹೊರುವವರು, ಗಾಡಿಯ ತಲೆಯ ಮೇಲೆ ಸಾಮಾನು ಪೆಟ್ಟಿಗೆ ಕಟ್ಟುವವರು 60,000 ಮೈಲಿಗೆ ಬದಲಿಸಿ ಅನ್ನುತ್ತದೆ. ಅಂದರೆ ಸುಮಾರು 96,000 ಕಿಲೋಮೀಟರ್. ಪಿಕಪ್ ಕೊಳ್ಳುವುದೇ ಭಾರ ಹೊರುವುದಕ್ಕೆ ತಾನೆ?

ಗೇರ್‌ಬಾಕ್ಸ್ ಮಾಡುವವರ ಮಾತಿಗೆ ನಾನು ಜಾಸ್ತಿ ತೂಕ ಕೊಡುತ್ತೇನೆ. ಜರ್ಮನಿಯ ಜೆಡ್‌ಎಫ್ ಕಂಪನಿಯ 8 ಸ್ಪೀಡ್ ಗೇರ್‌ಬಾಕ್ಸ್‌ಗಳು ಎಷ್ಟೋ ಬ್ರ್ಯಾಂಡಿನ ಗಾಡಿಗಳಲ್ಲಿವೆ. ಆ ಗಾಡಿಗಳ ಕಂಪನಿಗಳಲ್ಲಿ ಹಲವು ಜೀವಮಾನದ ಆಯಿಲ್ ಅನ್ನುತ್ತವೆ. ಜೆಡ್‌ಎಫ್ ಮಾತ್ರ 80,000ದಿಂದ 1,20,000 ಕಿಲೋಮೀಟರ್ ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಗಾಡಿ ಮಾರುವವರಿಗೆ ಜೀವಮಾನ ಅಂದರೆ ವಾರಂಟಿ ಮುಗಿಯುವವರೆಗೆ ಮತ್ತು ಸ್ವಲ್ಪ ಆಚೆಗೆ. ಮೂರು ಲಕ್ಷ ಕಿಲೋಮೀಟರ್ ಓಡಿಸಬೇಕು ಅಂತ ಇರುವವರ ಲೆಕ್ಕ ಬೇರೆ.

ಇನ್ನೊಂದು ಮಾತು ಎಲ್ಲ ಗ್ಯಾರೇಜಿನಲ್ಲೂ ಕೇಳಿಬರುತ್ತದೆ: 'ಹಳೆ ಗಾಡಿಯ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಹೋಗುತ್ತದೆ.' ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗೇರು ಸ್ಲಿಪ್ ಆಗಲು ಶುರುವಾದ ಮೇಲೆ ಜನ ಆಯಿಲ್ ಬದಲಿಸುತ್ತಾರೆ. ಸವೆದ ಕ್ಲಚ್ಚು ಮುಂದೆ ಹೇಗೂ ಹೋಗುವುದೇ, ಅಪವಾದ ಮಾತ್ರ ಹೊಸ ಆಯಿಲ್ ಮೇಲೆ ಬರುತ್ತದೆ. ಯಂತ್ರ ಕಟ್ಟಿ ಒತ್ತಡದಿಂದ ಫ್ಲಶ್ ಮಾಡಿದರೆ ಮೂಲೆಯಲ್ಲಿ ಕೂತ ಕೆಸರು ಎದ್ದು ವಾಲ್ವ್ ಬಾಡಿಗೆ ಸೇರುವ ಭಯವೂ ಇದೆ. ಸುಮ್ನೆ ಪ್ಲಗ್ ಬಿಚ್ಚಿ ಇಳಿಸಿ, ಇಳಿದಷ್ಟೇ ತುಂಬುವುದರಲ್ಲಿ ಆ ಅಪಾಯ ಬಹಳ ಕಡಿಮೆ. ಗಾಡಿ ಈಗ ಸರಿಯಾಗಿ ಓಡುತ್ತಿದ್ದರೆ ಧೈರ್ಯವಾಗಿ ಮಾಡಿ. ಆಗಲೇ ಸ್ಲಿಪ್ ಆಗುತ್ತಿದ್ದರೆ ಆಯಿಲ್ ಔಷಧವಲ್ಲ. ಮೊದಲು ಮೆಕ್ಯಾನಿಕ್‌ಗೆ ತೋರಿಸಿ.

ಕೆಂಪಗಿರುವುದೆಲ್ಲ ಒಂದೇ ಅಲ್ಲ

ಎಟಿಎಫ್ ಸಾಮಾನ್ಯವಾಗಿ ಕೆಂಪಗಿರುತ್ತದೆ. ಅದು ಬೆರೆಸಿದ ಬಣ್ಣ ಅಷ್ಟೇ. ನೆಲದ ಮೇಲೆ ತೊಟ್ಟಿಕ್ಕಿದರೆ ಎಂಜಿನ್ ಆಯಿಲ್ ಅಲ್ಲ, ಗೇರ್‌ಬಾಕ್ಸಿನದು ಅಂತ ಗೊತ್ತಾಗಲಿ ಅನ್ನುವುದಕ್ಕೆ. ಬಣ್ಣ ಒಂದೇ ಆದರೂ ಒಳಗಿನ ಸರಕು ಬೇರೆ ಬೇರೆ.

ಈ ಸರಕಿನ ಕಥೆ ಹಳೆಯದು. ಜನರಲ್ ಮೋಟರ್ಸ್ 1940ರ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೊಟ್ಟಿತು. ಆಮೇಲೆ ಇಂಥ ಆಯಿಲ್‌ಗಳಿಗೆ ಅಂತಲೇ ಮಾನದಂಡಗಳು ಬಂದವು. 1970ರ ದಶಕದ ಶುರುವಿನವರೆಗೆ ಅಮೆರಿಕದ ಎಟಿಎಫ್‌ಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕ್ಲಚ್ ಬಿಲ್ಲೆಗಳು ಮೆತ್ತಗೆ ಹಿಡಿದುಕೊಳ್ಳುವುದಕ್ಕೆ ಅದು ಅಷ್ಟು ಚೆನ್ನಾಗಿ ಒಗ್ಗುತ್ತಿತ್ತು. ಆ ತಿಮಿಂಗಿಲ ಅಳಿವಿನಂಚಿನ ಪಟ್ಟಿಗೆ ಸೇರಿ ಎಣ್ಣೆಗೆ ನಿಷೇಧ ಬಂದ ಮೇಲೆ ಎಂಜಿನಿಯರುಗಳು ಬೇರೆ ದಾರಿ ಹುಡುಕಬೇಕಾಯಿತು.

ಟಕೋಮಾದ ಎ750ಗೆ ಬೇಕಾದದ್ದು ಟೊಯೋಟಾ ಡಬ್ಲ್ಯೂಎಸ್. ಹಳೆಯ ಟೊಯೋಟಾ ಟಿ-4 ಆಯಿಲ್‌ಗಿಂತ ಇದು ತೆಳು. ಫೋರ್ಡ್‌ನ 6 ಸ್ಪೀಡ್ ಗೇರ್‌ಬಾಕ್ಸ್‌ಗೆ ಮರ್ಕಾನ್ ಎಲ್‌ವಿ, ಜನರಲ್ ಮೋಟರ್ಸ್‌ನ ಬಹಳಷ್ಟು ಟ್ರಕ್‌ಗಳಿಗೆ ಡೆಕ್ಸ್ರಾನ್ 6. ಎಲ್ಲ ಗಾಡಿಗೂ ಆಗುತ್ತದೆ ಅಂತ ಬರೆದ ಡಬ್ಬಿಗಳೂ ಅಂಗಡಿಯಲ್ಲಿ ಸಿಗುತ್ತವೆ. ಆ ಡಬ್ಬಿಯ ಹಿಂದೆ ನಿಮ್ಮ ಆಯಿಲ್‌ನ ಹೆಸರು ಬರೆದಿದ್ದರೆ ಎಷ್ಟೋ ಜನ ಹಾಕಿ ಓಡಿಸುತ್ತಿದ್ದಾರೆ. ನಾನು ಈ ಒಂದು ವಿಷಯದಲ್ಲಿ ಜಿಪುಣತನ ಮಾಡುವುದಿಲ್ಲ. ಉಳಿಯುವ ದುಡ್ಡು ಸ್ವಲ್ಪ, ಗೇರ್‌ಬಾಕ್ಸಿನ ಬೆಲೆ ಬಹಳ.

ತುಂಬುವ ಪ್ಲಗ್ ಮೊದಲು

ಇಡೀ ಕೆಲಸದಲ್ಲಿ ಕಟ್ಟುನಿಟ್ಟಾದ ನಿಯಮ ಒಂದಿದ್ದರೆ ಇದು: ಆಯಿಲ್ ಇಳಿಸುವ ಪ್ಲಗ್ ಮುಟ್ಟುವ ಮೊದಲು ತುಂಬುವ ಪ್ಲಗ್ ಸಡಿಲವಾಗುತ್ತದೋ ಇಲ್ಲವೋ ನೋಡಿ. ತುಂಬುವ ಪ್ಲಗ್ ತುಕ್ಕು ಹಿಡಿದು ಕೂತಿದ್ದರೆ, ಕೆಳಗಡೆ ಎಲ್ಲ ಇಳಿಸಿಬಿಟ್ಟ ಮೇಲೆ ಗೊತ್ತಾಗಿ ಏನು ಪ್ರಯೋಜನ? ಆಯಿಲ್ ಇಲ್ಲದ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗುವಂತಿಲ್ಲ, ಟೋ ಟ್ರಕ್ ಕರೆಸಬೇಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ರಾಜ್ಯಗಳಲ್ಲಿ ಇದು ಆಗಾಗ ಆಗುವಂಥದ್ದೇ.

ಎ750ರಲ್ಲಿ ಮೂರು ಪ್ಲಗ್‌ಗಳಿವೆ. ತುಂಬುವುದು ಗೇರ್‌ಬಾಕ್ಸಿನ ಬಲ ಮಗ್ಗುಲಲ್ಲಿ, ಅಂದರೆ ಅಮೆರಿಕದ ಗಾಡಿಯಲ್ಲಿ ಪ್ಯಾಸೆಂಜರ್ ಕಡೆ. ತಲೆಯ ಮೇಲೆ ಡಬ್ಲ್ಯೂಎಸ್ ಅಂತ ಅಚ್ಚು ಹಾಕಿರುತ್ತದೆ, 24 ಮಿಲಿಮೀಟರ್ ಸಾಕೆಟ್ ಬೇಕು. ಇಳಿಸುವ ಪ್ಲಗ್ ಕೆಳಗಿನ ಪ್ಯಾನ್‌ನಲ್ಲಿದೆ, ಅಂದರೆ ಆಯಿಲ್ ನಿಲ್ಲುವ ತಟ್ಟೆಯಲ್ಲಿ, 14 ಮಿಲಿಮೀಟರಿನದು. ಮೂರನೆಯದೂ ಪ್ಯಾನ್‌ನಲ್ಲೇ ಇದೆ. 5 ಮಿಲಿಮೀಟರ್ ಅಲೆನ್ ಕೀ ಹಾಕಿ ಬಿಚ್ಚುವ ಚಿಕ್ಕ ಪ್ಲಗ್, ಮೇಲೆ ಚೆಕ್ ಅಂತ ಅಚ್ಚಿರುತ್ತದೆ. ಮಟ್ಟ ನೋಡುವುದು ಇದರಲ್ಲೇ. ಅದರ ತೂತು ಸಣ್ಣದು. ಒಳಗೆ ಮಣ್ಣು ಕೂತಿರುತ್ತದೆ. ಕೆರೆದು ಶುದ್ಧ ಮಾಡಿ, ಕೀಯನ್ನು ತಳದವರೆಗೆ ಒತ್ತಿ ಆಮೇಲೆ ತಿರುಗಿಸಿ. ಇಲ್ಲದಿದ್ದರೆ ಮೂಲೆಗಳು ಉರುಟಾಗಿಬಿಡುತ್ತವೆ.

ಟಕೋಮಾದ ಕೆಳಗೆ ಹೆಚ್ಚಿನವರು ಜಾಕ್ ಇಲ್ಲದೆಯೇ ನುಸುಳಬಹುದು. ಅದು ಒಳ್ಳೆಯದೇ, ಯಾಕೆಂದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು. ಮುಂದಿನ ಚಕ್ರ ಮಾತ್ರ ಎತ್ತಿ ಕೆಲಸ ಮಾಡಿದರೆ ಆಯಿಲ್ ಹಿಂದಕ್ಕೆ ಸರಿದು ಅಳತೆ ಕೆಡುತ್ತದೆ. ಎತ್ತಲೇಬೇಕಾದರೆ ನಾಲ್ಕೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು ಒಂದೇ ಸಮ ಎತ್ತಿ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಹೋಗಬೇಡಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಡಿ. ಮುಂದೆ ಎಂಜಿನ್ ಓಡುತ್ತಿರುವಾಗಲೇ ಕೆಳಗೆ ಮಲಗಬೇಕಾಗುತ್ತದೆ.

ಗಾಡಿ ತಣ್ಣಗೋ ಉಗುರುಬೆಚ್ಚಗೋ ಇದ್ದಾಗ ಶುರು ಮಾಡಿ. ಹೆದ್ದಾರಿಯಿಂದ ಬಂದ ಕೂಡಲೇ ಆಯಿಲ್ 80 ಡಿಗ್ರಿ ಮೇಲಿರುತ್ತದೆ, ಪಕ್ಕದ ಎಕ್ಸಾಸ್ಟ್ ಪೈಪ್ ಅದಕ್ಕಿಂತ ಬಿಸಿ. ದೊಡ್ಡ ಟ್ರೇ ಇಟ್ಟು ಪ್ಲಗ್ ಬಿಚ್ಚಿದರೆ ಸುಮಾರು 3 ಲೀಟರ್ ಇಳಿಯುತ್ತದೆ. ಇಳಿದದ್ದನ್ನು ಗೆರೆ ಇರುವ ಡಬ್ಬಿಗೆ ಸುರಿದು ಅಳೆದುಕೊಳ್ಳಿ. ವಾಪಸ್ ಎಷ್ಟು ತುಂಬಬೇಕು ಅನ್ನುವುದಕ್ಕೆ ಮೊದಲ ಅಂದಾಜು ಅದೇ.

ಹೊಸ ವಾಷರ್ ಹಾಕಿ ಡ್ರೈನ್ ಪ್ಲಗ್ ಬಿಗಿ ಮಾಡಿ. ಅದಕ್ಕೂ ಚೆಕ್ ಪ್ಲಗ್‌ಗೂ 20 ನ್ಯೂಟನ್ ಮೀಟರ್ ಸಾಕು, ತುಂಬುವ ಪ್ಲಗ್‌ಗೆ 39. ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಇದ್ದರೆ ಬಳಸಿ. ಸೋರಬಾರದು ಅಂತ ಮೈಮೇಲೆ ಬಿದ್ದು ಬಿಗಿ ಮಾಡುವವರೇ ಥ್ರೆಡ್ ಕಿತ್ತುಕೊಳ್ಳುವುದು.

ತುಂಬುವ ತೂತು ಮಗ್ಗುಲಲ್ಲಿರುವುದರಿಂದ ಡಬ್ಬಿ ಬಗ್ಗಿಸಿ ಸುರಿಯಲು ಆಗುವುದಿಲ್ಲ. ಡಬ್ಬಿಯ ಬಾಯಿಗೆ ಕೂರುವ ಕೈಪಂಪು ಸಿಗುತ್ತದೆ. ಇಲ್ಲವೇ ಬಾನೆಟ್ ತೆಗೆದು ಮೇಲಿನಿಂದ ಉದ್ದದ ಪ್ಲಾಸ್ಟಿಕ್ ಪೈಪ್ ಇಳಿಬಿಟ್ಟು, ಆ ತುದಿಗೆ ಆಲಿಕೆ ಸಿಕ್ಕಿಸಿ ಸುರಿಯಬಹುದು. ನಿಧಾನವಾದರೂ ನನಗೆ ಎರಡನೆಯದೇ ಇಷ್ಟ. ಮಲಗಿಕೊಂಡು ಪಂಪ್ ಹೊಡೆಯುವ ರಗಳೆ ಇಲ್ಲ.

ಈಗ ನಿಜವಾದ ಕೆಲಸ: ಮಟ್ಟ

ಚೆಕ್ ಪ್ಲಗ್‌ನ ತೂತಿನ ಒಳಗೆ ಪ್ಯಾನ್‌ನ ತಳದಿಂದ ಮೇಲಕ್ಕೆ ಒಂದು ಸಣ್ಣ ಕೊಳವೆ ನಿಂತಿದೆ. ಆಯಿಲ್ ಆ ಕೊಳವೆಯ ಬಾಯಿಗಿಂತ ಮೇಲಿದ್ದರೆ ಮಾತ್ರ ಒಳಗೆ ಇಳಿದು ಹೊರಗೆ ಬರುತ್ತದೆ. ಕೆಳಗಿದ್ದರೆ ಏನೂ ಬರುವುದಿಲ್ಲ. ಅಂದರೆ ಕೊಳವೆಯ ಎತ್ತರವೇ ಸರಿಯಾದ ಮಟ್ಟ. ಡಿಪ್‌ಸ್ಟಿಕ್ ಬೇಡ, ಗೆರೆ ಓದುವ ಗೊಂದಲವೂ ಇಲ್ಲ. ಜಾಣತನದ ಏರ್ಪಾಡು, ಆದರೆ ಎರಡು ಷರತ್ತಿನ ಮೇಲೆ ನಿಂತಿದೆ.

ಮೊದಲನೆಯದು, ಎಂಜಿನ್ ಓಡುತ್ತಿರಬೇಕು. ಎಂಜಿನ್ ಓಡಿದಾಗ ಪಂಪು ಪ್ಯಾನ್‌ನಿಂದ ಆಯಿಲ್ ಎತ್ತಿ ಟಾರ್ಕ್ ಕನ್ವರ್ಟರ್, ಕೂಲರ್, ವಾಲ್ವ್ ಬಾಡಿ ಎಲ್ಲ ಕಡೆ ತುಂಬಿಸುತ್ತದೆ. ಅಷ್ಟರ ಮಟ್ಟಿಗೆ ಪ್ಯಾನ್‌ನಲ್ಲಿ ಮಟ್ಟ ಇಳಿಯುತ್ತದೆ. ಎಂಜಿನ್ ನಿಲ್ಲಿಸಿ ಚೆಕ್ ಪ್ಲಗ್ ಬಿಚ್ಚಿದರೆ ಆಯಿಲ್ ಧಾರೆಯಾಗಿ ಸುರಿಯುತ್ತದೆ. 'ಅಯ್ಯೋ, ಜಾಸ್ತಿ ಆಗಿದೆ' ಅಂತ ಅಷ್ಟನ್ನೂ ಹೋಗಲು ಬಿಟ್ಟರೆ, ಎಂಜಿನ್ ಶುರು ಮಾಡಿದಾಗ ಆಯಿಲ್ ಕಡಿಮೆ. ಮೊದಲ ಸಲ ಮಾಡುವವರು ಹೆಚ್ಚಾಗಿ ಬೀಳುವ ಗುಂಡಿ ಇದು.

ಎರಡನೆಯದು ಬಿಸಿ. ಆಯಿಲ್ ಬಿಸಿಯಾದರೆ ಹಿಗ್ಗುತ್ತದೆ. ಈ ಗೇರ್‌ಬಾಕ್ಸಿನಲ್ಲಿ ಒಟ್ಟು ಸುಮಾರು 10 ಲೀಟರ್ ಆಯಿಲ್ ಇದೆ. 20 ಡಿಗ್ರಿಯಿಂದ 80 ಡಿಗ್ರಿಗೆ ಏರಿದರೆ ಅದು ಹೆಚ್ಚುಕಡಿಮೆ ಅರ್ಧ ಲೀಟರ್ ಉಬ್ಬುತ್ತದೆ. ತಣ್ಣಗಿರುವಾಗ ಕೊಳವೆಯ ಬಾಯಿಗೆ ಸರಿಯಾಗಿ ತುಂಬಿದರೆ ಓಡಿಸುವಾಗ ಅರ್ಧ ಲೀಟರ್ ಜಾಸ್ತಿ. ಕುದಿಬಿಸಿಯಲ್ಲಿ ನೋಡಿದರೆ ತಣ್ಣಗಾದ ಮೇಲೆ ಅಷ್ಟೇ ಕಡಿಮೆ. ಅದಕ್ಕೇ ಟೊಯೋಟಾ ಈ ಗೇರ್‌ಬಾಕ್ಸಿಗೆ ಒಂದು ಕಿಟಕಿ ಕೊಟ್ಟಿದೆ: 46ರಿಂದ 56 ಡಿಗ್ರಿ ಸೆಲ್ಸಿಯಸ್, ಅಮೆರಿಕದ ಲೆಕ್ಕದಲ್ಲಿ 115ರಿಂದ 133 ಡಿಗ್ರಿ ಫ್ಯಾರನ್‌ಹೀಟ್.

ಕಡಿಮೆಯಾದರೆ ಏನಾಗುತ್ತದೆ? ತಿರುವಿನಲ್ಲಿ, ಏರಿನಲ್ಲಿ ಪಂಪು ಗಾಳಿ ಹೀರುತ್ತದೆ. ಗಾಳಿ ಸೇರಿದ ಆಯಿಲ್ ಒತ್ತಡ ಹಿಡಿಯುವುದಿಲ್ಲ, ಕ್ಲಚ್ ಬಿಲ್ಲೆಗಳು ಅರ್ಧಂಬರ್ಧ ಅಮುಕಿಕೊಂಡು ಜಾರಿ ಸುಡುತ್ತವೆ. ಜಾಸ್ತಿಯಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ. ನೊರೆಯಲ್ಲಿರುವುದೂ ಗಾಳಿಯೇ. ಗಾಳಿ ಹೋಗುವ ಕೊಳವೆಯಿಂದ ಆಯಿಲ್ ಹೊರಗೆ ಉಕ್ಕಬಹುದು. ಎರಡರಲ್ಲಿ ಸ್ವಲ್ಪ ಜಾಸ್ತಿಯಾಗುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ, ಆದರೆ ಕಿಟಕಿ ಇರುವಾಗ ಯಾಕೆ ರಿಸ್ಕು?

ಕ್ರಮ ಹೀಗೆ. ಇಳಿದಷ್ಟು ಆಯಿಲ್ ತುಂಬಿ, ತುಂಬುವ ಪ್ಲಗ್ ಕೈಯಲ್ಲೇ ತಿರುಗಿಸಿ ಮುಚ್ಚಿ. ಎಸಿ ಆಫ್ ಮಾಡಿ ಎಂಜಿನ್ ಶುರು ಮಾಡಿ. ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಗೇರ್ ಲಿವರನ್ನು ಪಾರ್ಕ್‌ನಿಂದ ಕೆಳಗಿನವರೆಗೆ ನಿಧಾನವಾಗಿ ಇಳಿಸಿ. ಪ್ರತಿ ಜಾಗದಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ, ಮತ್ತೆ ಪಾರ್ಕ್‌ಗೆ ತನ್ನಿ. ಎಲ್ಲ ಕ್ಲಚ್‌ಗಳಿಗೂ ಆಯಿಲ್ ಸೇರಲಿ ಅಂತ. ಆಮೇಲೆ ಎಂಜಿನ್ ಐಡಲಿಂಗ್‌ನಲ್ಲೇ ಇರಲಿ, ಬಿಸಿ ಏರುವುದನ್ನು ಕಾಯಿರಿ. ಶೆಡ್ಡಿನೊಳಗಿದ್ದರೆ ಬಾಗಿಲು ಪೂರ್ತಿ ತೆರೆದಿರಬೇಕು. ಎಕ್ಸಾಸ್ಟ್ ಹೊಗೆ ಜೀವ ತೆಗೆಯುತ್ತದೆ.

ಬಿಸಿ ನೋಡುವುದು ಹೇಗೆ? ಸ್ಟಿಯರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರಿನ ಅಂಕಿ ಓದುವುದಕ್ಕೆ ಇರುವ ಓಬಿಡಿ ಪಾಯಿಂಟಿಗೆ ಸಿಕ್ಕಿಸುವ ಬ್ಲೂಟೂತ್ ರೀಡರ್ ಮತ್ತು ಫೋನಿನಲ್ಲಿ ಒಂದು ಆ್ಯಪ್ ಇದ್ದರೆ ಆಯಿತು. ಎಲ್ಲ ಆ್ಯಪ್‌ಗಳೂ ಗೇರ್‌ಬಾಕ್ಸಿನ ಬಿಸಿ ತೋರಿಸುವುದಿಲ್ಲ. ಟೊಯೋಟಾದ ಅಂಕಿ ಓದುವಂಥದ್ದು ಬೇಕು. ಇದರಲ್ಲಿ ಎರಡು ಅಂಕಿ ಕಾಣಬಹುದು, ಒಂದು ಟಾರ್ಕ್ ಕನ್ವರ್ಟರಿನದು, ಇನ್ನೊಂದು ಪ್ಯಾನಿನದು. ನಮಗೆ ಬೇಕಾದದ್ದು ಪ್ಯಾನಿನದು.

ರೀಡರ್ ಇಲ್ಲದೆಯೂ ಟೊಯೋಟಾ ಒಂದು ಉಪಾಯ ಇಟ್ಟಿದೆ. ಓಬಿಡಿ ಪಾಯಿಂಟಿನ 4 ಮತ್ತು 13ನೇ ಪಿನ್ನುಗಳನ್ನು ಒಂದು ತಂತಿಯಿಂದ ಜೋಡಿಸಿ, ಎಂಜಿನ್ ಓಡುವಾಗ ಲಿವರನ್ನು ನ್ಯೂಟ್ರಲ್ ಮತ್ತು ಡ್ರೈವ್ ನಡುವೆ ಆರು ಸೆಕೆಂಡ್ ಆಚೆ ಈಚೆ ಮಾಡಿದರೆ ಡ್ಯಾಶ್‌ಬೋರ್ಡಿನ ಡಿ ದೀಪ ಎರಡು ಸೆಕೆಂಡ್ ಹೊತ್ತಿಕೊಂಡು, ಬಿಸಿ ತೋರಿಸುವ ಸ್ಥಿತಿಗೆ ಹೋಯಿತು ಅಂತ ಸೂಚಿಸುತ್ತದೆ. ಆಮೇಲೆ ಲಿವರನ್ನು ಪಾರ್ಕ್‌ಗೆ ತಂದು ತಂತಿ ತೆಗೆಯಿರಿ. ದೀಪ ಆರಿದ್ದರೆ ಇನ್ನೂ ತಣ್ಣಗಿದೆ, ಉರಿದರೆ ಸರಿಯಾಗಿದೆ, ಮಿನುಗಿದರೆ ಬಿಸಿ ಜಾಸ್ತಿಯಾಗಿದೆ. ಅದೇ ಪಾಯಿಂಟಿನ 16ನೇ ಪಿನ್ನಿನಲ್ಲಿ ಬ್ಯಾಟರಿಯ ನೇರ ಕರೆಂಟ್ ಇದೆ. ತಂತಿ ತಪ್ಪಿ ಅಲ್ಲಿ ತಾಗಿದರೆ ಫ್ಯೂಸ್ ಹೋಗುವುದು ಗ್ಯಾರಂಟಿ. ಹಾಗಾಗಿ ರೀಡರೇ ಸುರಕ್ಷಿತ.

ಅಂಕಿ 46 ದಾಟಿದ ಕೂಡಲೇ ಕೆಳಗೆ ಹೋಗಿ ಚೆಕ್ ಪ್ಲಗ್ ಬಿಚ್ಚಿ. ಎಂಜಿನ್ ನಿಲ್ಲಿಸಬೇಡಿ. ಆಯಿಲ್ ಧಾರೆಯಾಗಿ ಬಂದರೆ ಕಾಯಿರಿ. ಧಾರೆ ತೆಳುವಾಗಿ ತೊಟ್ಟಿಕ್ಕಲು ಶುರುವಾದಾಗ ಮುಚ್ಚಿಬಿಡಿ. ಏನೂ ಬರದಿದ್ದರೆ ಕಡಿಮೆ ಇದೆ ಅಂತ ಅರ್ಥ, ಬರುವವರೆಗೆ ಮೇಲಿನಿಂದ ಸ್ವಲ್ಪಸ್ವಲ್ಪ ಹಾಕಿ. ಬಿಸಿ ಏರುತ್ತಲೇ ಇರುವುದರಿಂದ ಆಯಿಲ್ ಹಿಗ್ಗುತ್ತಲೇ ಇರುತ್ತದೆ, ತೊಟ್ಟು ಪೂರ್ತಿ ನಿಲ್ಲಲಿ ಅಂತ ಕಾಯುತ್ತಾ ಕೂರಬೇಡಿ. 56 ದಾಟಿದರೆ ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ನೋಡಿ.

ಊರಿನ ಹವೆಯೂ ಇದರಲ್ಲಿ ಲೆಕ್ಕಕ್ಕೆ ಬರುತ್ತದೆ. ಅರಿಜೋನಾದ ಫೀನಿಕ್ಸ್‌ನ ಬೇಸಿಗೆಯಲ್ಲಿ ಅಥವಾ ಕಲಬುರಗಿಯ ಮೇ ತಿಂಗಳಲ್ಲಿ ಮಧ್ಯಾಹ್ನ ಗಾಡಿ ಸುಮ್ನೆ ನಿಂತಿದ್ದರೂ ಆಯಿಲ್ 40 ದಾಟಿರುತ್ತದೆ. ಎಂಜಿನ್ ಶುರು ಮಾಡಿ ಕೆಳಗೆ ನುಸುಳುವಷ್ಟರಲ್ಲಿ ಕಿಟಕಿ ದಾಟಿಹೋಗುತ್ತದೆ. ಅಂಥ ಕಡೆ ಬೆಳಗ್ಗೆ ಬೇಗ ಮಾಡುವುದು ಲೇಸು. ಮಿನೆಸೋಟದ ಚಳಿಯಲ್ಲಿ ಇದರ ಉಲ್ಟಾ, ಐಡಲಿಂಗ್‌ನಲ್ಲಿ ಬಿಸಿ ಏರಲು ಎಷ್ಟೋ ಹೊತ್ತು ಹಿಡಿಯುತ್ತದೆ.

ಮೂರು ಲೀಟರ್ ಬದಲಿಸಿದರೆ ಎಷ್ಟು ಬದಲಾಯಿತು

10 ಲೀಟರ್‌ನಲ್ಲಿ 3 ಇಳಿದರೆ ಉಳಿದ 7 ಲೀಟರ್ ಹಳೆಯದೇ. ಅದು ಟಾರ್ಕ್ ಕನ್ವರ್ಟರ್, ಕೂಲರ್, ಪೈಪುಗಳಲ್ಲಿ ಕೂತಿದೆ. ಹುಳಿ ಮಜ್ಜಿಗೆಯ ಪಾತ್ರೆಯಿಂದ ಮೂರು ಲೋಟ ತೆಗೆದು ಮೂರು ಲೋಟ ಹೊಸ ಮಜ್ಜಿಗೆ ಹಾಕಿದಂತೆ. ಹುಳಿ ತಗ್ಗುತ್ತದೆ, ಹೋಗುವುದಿಲ್ಲ. ಒಂದು ಸಲಕ್ಕೆ ಹೊಸದು 30 ಶೇಕಡಾ. ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಮಾಡಿದರೆ 51, ಮೂರನೇ ಸಲಕ್ಕೆ 66, ನಾಲ್ಕನೆಯದಕ್ಕೆ 76. ಪ್ರತಿ ಸಲ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ನನ್ನ ಪ್ರಕಾರ ಮೂರು ಸಲಕ್ಕೆ ನಿಲ್ಲಿಸಿದರೆ ಸಾಕು. ಎಂಜಿನ್ ಆಯಿಲ್ ಬದಲಿಸುವಾಗೆಲ್ಲ ಇದನ್ನೂ ಒಮ್ಮೆ ಮಾಡಿಕೊಂಡರೆ ಪ್ರತ್ಯೇಕ ದಿನ ಬೇಕಾಗುವುದಿಲ್ಲ.

ಒಂದೇ ದಿನದಲ್ಲಿ ಎಲ್ಲ ಬದಲಿಸಬೇಕು ಅನ್ನುವವರು ಕೂಲರ್ ಪೈಪ್ ಬಿಚ್ಚುತ್ತಾರೆ. ಕೂಲರ್‌ನಿಂದ ವಾಪಸ್ ಬರುವ ಆಯಿಲನ್ನು ಡಬ್ಬಿಗೆ ಬಿಟ್ಟುಕೊಂಡು, ಎಂಜಿನ್ ಕೆಲವೇ ಸೆಕೆಂಡ್ ಓಡಿಸಿ ಒಂದೆರಡು ಲೀಟರ್ ಬಂದ ಕೂಡಲೇ ನಿಲ್ಲಿಸಿ, ಅಷ್ಟೇ ಹೊಸದು ತುಂಬಿ, ಕೆಂಪು ಬಣ್ಣ ಬರುವವರೆಗೆ ಹೀಗೇ ಮಾಡುವುದು. ಗೇರ್‌ಬಾಕ್ಸಿನ ಸ್ವಂತ ಪಂಪೇ ತಳ್ಳುವುದರಿಂದ ಹೊರಗಿನ ಒತ್ತಡ ಇಲ್ಲ, ಅದು ಒಳ್ಳೆಯದು. ಆದರೆ ಇಬ್ಬರು ಬೇಕು. ಕೀ ಹತ್ತಿರ ಇರುವವರು ಎರಡು ಸೆಕೆಂಡ್ ತಡ ಮಾಡಿದರೆ ಪಂಪು ಒಣಗಿ ಓಡುತ್ತದೆ. ಮೊದಲ ಸಲಕ್ಕೆ ಇದು ಬೇಡ.

ಪ್ಯಾನ್ ಇಳಿಸಿ ಒಳಗಿನ ಜರಡಿ ಬದಲಿಸಬೇಕಾ ಅನ್ನುವುದು ಇನ್ನೊಂದು ಪ್ರಶ್ನೆ. ಇಳಿಸಿದರೆ ಒಂದು ಲಾಭ ಇದೆ, ತಳದಲ್ಲಿರುವ ಆಯಸ್ಕಾಂತಗಳು ಕಾಣುತ್ತವೆ. ಅವುಗಳ ಮೇಲೆ ನುಣ್ಣನೆಯ ಬೂದು ಬಣ್ಣದ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಲೋಹದ ಚೂರು ಸಿಕ್ಕರೆ ಒಳಗೆ ಏನೋ ಮುರಿದಿದೆ. ಇಳಿಸುವುದಾದರೆ ಒಂದು ಎಚ್ಚರಿಕೆ: ಪ್ಯಾನ್‌ನ ಸಣ್ಣ ಬೋಲ್ಟ್‌ಗಳಿಗೆ ಬೇಕಾದದ್ದು 4.4 ನ್ಯೂಟನ್ ಮೀಟರ್ ಮಾತ್ರ, ಅಂದರೆ ಮಣಿಕಟ್ಟಿನ ಬಲ ಅಷ್ಟೇ. ಜಾಸ್ತಿ ಬಿಗಿ ಮಾಡಿದರೆ ಬೋಲ್ಟ್ ತುಂಡಾಗುತ್ತದೆ, ಇಲ್ಲವೇ ಪ್ಯಾನ್‌ನ ಅಂಚು ಸೊಟ್ಟಗಾಗಿ ಸೋರುತ್ತದೆ.

ಟ್ರೇಯಲ್ಲಿ ಬಿದ್ದದ್ದನ್ನು ನೋಡಿ

ಹಳೆ ಆಯಿಲ್ ಕಂದು ಬಣ್ಣಕ್ಕೆ ತಿರುಗಿದೆ ಅಂತ ಗಾಬರಿಯಾಗಬೇಡಿ, ವಯಸ್ಸಾದರೆ ಹಾಗೇ. ಬಣ್ಣಕ್ಕಿಂತ ವಾಸನೆ ಹೆಚ್ಚು ಹೇಳುತ್ತದೆ. ಸೀದ ವಾಸನೆ ಮೂಗಿಗೆ ಹೊಡೆದರೆ ಕ್ಲಚ್ ಬಿಲ್ಲೆಗಳು ಸುಟ್ಟಿವೆ.

ಅದಕ್ಕಿಂತ ಕೆಟ್ಟದ್ದು ಗುಲಾಬಿ ಬಣ್ಣದ ಹಾಲಿನಂಥ ಆಯಿಲ್. ಅಮೆರಿಕದ ಟ್ರಕ್ ಮಾಲೀಕರು ಇದನ್ನು ಸ್ಟ್ರಾಬೆರಿ ಮಿಲ್ಕ್‌ಶೇಕ್ ಅಂತಲೇ ಕರೆಯುತ್ತಾರೆ. ಎಷ್ಟೋ ಟ್ರಕ್‌ಗಳಲ್ಲಿ ಗೇರ್‌ಬಾಕ್ಸಿನ ಆಯಿಲ್ ತಣ್ಣಗಾಗುವ ಕೊಳವೆ ರೇಡಿಯೇಟರ್‌ನ ಒಳಗೇ ಇರುತ್ತದೆ. ಆ ಕೊಳವೆ ಬಿರುಕು ಬಿಟ್ಟರೆ ರೇಡಿಯೇಟರ್‌ನ ನೀರು, ಅಂದರೆ ಕೂಲೆಂಟ್, ಆಯಿಲ್‌ಗೆ ಬೆರೆಯುತ್ತದೆ. ಕ್ಲಚ್ ಬಿಲ್ಲೆಗಳ ಮೇಲಿನ ಪದರಕ್ಕೂ ಅದನ್ನು ಹಿಡಿದಿರುವ ಅಂಟಿಗೂ ನೀರು ವೈರಿ. ಇದನ್ನು ಕಂಡರೆ ಹೊಸ ಆಯಿಲ್ ತುಂಬಿ ಓಡಿಸಬೇಡಿ. ಗಾಡಿ ನಿಂತಲ್ಲೇ ನಿಲ್ಲಲಿ, ಟೋ ಮಾಡಿಸಿ. ಹಳೆ ಟ್ರಕ್ ಇಟ್ಟುಕೊಂಡವರು ಮುಂಜಾಗ್ರತೆಗೆ ರೇಡಿಯೇಟರನ್ನೇ ಬದಲಿಸುವುದೂ ಇದೆ. ಅದು ದುಂದು ಅಂತ ನನಗೆ ಅನಿಸುವುದಿಲ್ಲ.

ಬೇರೆ ಗಾಡಿಯಾದರೆ

ತತ್ವ ಒಂದೇ, ಏರ್ಪಾಡು ಬೇರೆ. ಶೆವರ್ಲೆ ಸಿಲ್ವರಾಡೋದ ಹಳೆಯ 4 ಸ್ಪೀಡ್ ಗಾಡಿಗಳಿಗೆ ಬಾನೆಟ್ ಕೆಳಗೆ ಮಾಮೂಲಿ ಡಿಪ್‌ಸ್ಟಿಕ್ ಇದೆ, ಆದರೆ ಎಷ್ಟೋ ಗಾಡಿಗಳ ಪ್ಯಾನ್‌ಗೆ ಡ್ರೈನ್ ಪ್ಲಗ್ ಇಲ್ಲ. ಪ್ಯಾನ್ ಸಡಿಲಿಸುತ್ತಿದ್ದಂತೆ ಅಂಚಿನ ಸುತ್ತಲೂ ಆಯಿಲ್ ಸುರಿಯುತ್ತದೆ, ಹಳೆ ಬಟ್ಟೆ ಹಾಕಿಕೊಂಡು ಇಳಿಯಿರಿ. ಫೋರ್ಡ್ ಎಫ್-150ರ 6 ಸ್ಪೀಡ್ ಗೇರ್‌ಬಾಕ್ಸಿನಲ್ಲಿ ಡಿಪ್‌ಸ್ಟಿಕ್ ಇದೆ, ಆದರೆ ಗಾಡಿಯ ಕೆಳಗೆ, ಮಗ್ಗುಲಿನ ಪ್ಲಗ್ ಒಂದರ ತಲೆಯಡಿಯಲ್ಲಿ ಅಡಗಿದೆ. ಪಕ್ಕದಲ್ಲೇ ಕೆಂಡದಂಥ ಎಕ್ಸಾಸ್ಟ್. ಜೆಡ್‌ಎಫ್ 8 ಸ್ಪೀಡ್ ಇರುವ ರ‍್ಯಾಮ್ ಟ್ರಕ್‌ಗಳಲ್ಲಿ ಪ್ಯಾನೇ ಪ್ಲಾಸ್ಟಿಕ್ಕಿನದು, ಫಿಲ್ಟರ್ ಅದಕ್ಕೇ ಅಂಟಿಕೊಂಡಿರುತ್ತದೆ. ಫಿಲ್ಟರ್ ಬೇಕೆಂದರೆ ಪ್ಯಾನ್ ಸಮೇತ ಕೊಳ್ಳಬೇಕು.

ಕರ್ನಾಟಕದ ಓದುಗರಿಗೆ ಹತ್ತಿರದ್ದು ಬಿಡದಿಯ ಕಾರ್ಖಾನೆಯಲ್ಲಿ ಜೋಡಣೆಯಾಗುವ ಟೊಯೋಟಾ ಹೈಲಕ್ಸ್. 2022ರಲ್ಲಿ ಇಲ್ಲಿಗೆ ಬಂತು. 2.8 ಲೀಟರ್ ಡೀಸೆಲ್ ಎಂಜಿನ್, 6 ಸ್ಪೀಡ್ ಆಟೊಮ್ಯಾಟಿಕ್. ಗೇರ್‌ಬಾಕ್ಸ್ ಬೇರೆಯಾದ್ದರಿಂದ ಮೇಲೆ ಹೇಳಿದ 46–56ರ ಕಿಟಕಿ, ಟಾರ್ಕ್ ಅಂಕಿಗಳು ಯಾವುದೂ ಅದಕ್ಕೆ ಹೊಂದುವುದಿಲ್ಲ. ಅದರ ಸರ್ವಿಸ್ ಮ್ಯಾನ್ಯುವಲ್‌ನಲ್ಲಿರುವುದನ್ನೇ ಹಿಡಿಯಬೇಕು. ವಾರಂಟಿ ಒಳಗಿದ್ದರೆ ಮನೆಯಲ್ಲಿ ಕೈ ಹಾಕದಿರುವುದೇ ಸರಿ.

ಕೆಲಸ ಮುಗಿದ ಮೇಲೆ ಒಂದು ಸುತ್ತು ಓಡಿಸಿ ಬಂದು, ಮೂರೂ ಪ್ಲಗ್‌ಗಳ ಸುತ್ತ ಕೈ ಆಡಿಸಿ ಒದ್ದೆ ಇದೆಯೇ ನೋಡಿ. ಮರುದಿನ ಬೆಳಗ್ಗೆ ಗಾಡಿ ನಿಂತ ಜಾಗದಲ್ಲಿ ಒಂದು ರಟ್ಟು ಹಾಸಿಟ್ಟಿದ್ದರೆ ಸೋರಿಕೆ ಎದ್ದು ಕಾಣುತ್ತದೆ. ಹಳೆ ಆಯಿಲನ್ನು ಚರಂಡಿಗೆ, ಗಿಡದ ಬುಡಕ್ಕೆ ಸುರಿಯಬೇಡಿ. ಹೊಸ ಆಯಿಲ್ ಬಂದ ಡಬ್ಬಿಗಳಿಗೇ ತುಂಬಿದರೆ ಅಮೆರಿಕದಲ್ಲಿ ಆಟೊಜೋನ್, ಓರೈಲಿಯಂಥ ಬಿಡಿಭಾಗದ ಅಂಗಡಿಗಳು ಸಾಮಾನ್ಯವಾಗಿ ದುಡ್ಡಿಲ್ಲದೆ ತೆಗೆದುಕೊಳ್ಳುತ್ತವೆ. ಎಂಜಿನ್ ಆಯಿಲ್ ಜೊತೆ ಬೆರೆತರೂ ಅವರಿಗೆ ತಕರಾರಿಲ್ಲ. ಕೂಲೆಂಟ್ ಅಥವಾ ಪೆಟ್ರೋಲ್ ಬೆರೆತಿದ್ದರೆ ಮಾತ್ರ ಬೇಡ ಅನ್ನುತ್ತಾರೆ. ಅಂಥದ್ದನ್ನು ಊರಿನ ಅಪಾಯಕಾರಿ ಕಸ ಸಂಗ್ರಹಿಸುವ ಜಾಗಕ್ಕೇ ಒಯ್ದು ಕೊಡಬೇಕು.